ಕುಂಬಳಕಾಯಿಯೊಳಗಿನ ದೀಪ

ರಾಯಚೂರು ಜಿಲ್ಲೆಯ ಬಾಗಲವಾಡ ನಮ್ಮ ಊರು. ಮಾನವಿ, ದೇವದುರ್ಗಗಳ ಸೀಮೆಯ ಇತರ ಊರುಗಳಲ್ಲಿರುವಂತೆ ಅಲ್ಲಿಯೂ ಕುಂಬಳಕಾಯಿಗೆ ಮನೆಯಲ್ಲಿ ಎರಡು ಸ್ಥಾನಗಳುಂಟು. ಬೂದುಗುಂಬಳವು ದೃಷ್ಟಿ ತಾಗದಿರಲೆಂದು ತಲೆಬಾಗಿಲಲ್ಲಿ ತೂಗುತ್ತಿರುವುದು. ಸಿಹಿಗುಂಬಳವು ಅಡಿಗೆಮನೆಯ ಜಂತಿಗೆ ಕಟ್ಟಿದ ನೆಲುವಿನಲ್ಲಿ ಕುಳಿತು ತಿಂಗಳುಗಟ್ಟಲೆ ತನ್ನ ಸರದಿಗಾಗಿ ಕಾದಿರುವುದು. ಒಂದು ಬಾಗಿಲನ್ನು ಕಾಯುವ ಕಾಯಿ, ಇನ್ನೊಂದು ಹೊಟ್ಟೆಯನ್ನು ಕಾಯುವ ಕಾಯಿ. ಕುಂಬಳಕ್ಕೆ ಮೂರನೆಯದೊಂದು ಉದ್ಯೋಗವೂ ಉಂಟು, ಅದು ದೀಪವಾಗಬಲ್ಲುದು ಎಂಬುದನ್ನು ನಾವು ಕಣ್ಣಾರೆ ಕಂಡುದು ಮಾತ್ರ ಊರಿನಿಂದ ಬಹು ದೂರದಲ್ಲಿ.

ನಮ್ಮ ತಮ್ಮನು ಉದ್ಯೋಗ ನಿಮಿತ್ತ ಅಮೆರಿಕದ ಟೆನೆಸ್ಸೀ ರಾಜ್ಯದ ನಾಕ್ಸ್‌ವಿಲ್ ನಗರದಲ್ಲಿ ಸಂಸಾರಸಮೇತನಾಗಿ ನೆಲಸಿರುವನು. ಕೆಲವು ವರ್ಷಗಳ ಹಿಂದೆ ಒಂದು ಅಕ್ಟೋಬರ್ ತಿಂಗಳಲ್ಲಿ ನಾವು ಅವ್ವನನ್ನು ಕರೆದುಕೊಂಡು ಅವನ ಮನೆಗೆ ಹೋಗಿದ್ದೆವು. ಅಕ್ಟೋಬರ್ 31 ರಂದು ಅಲ್ಲಿ ಹ್ಯಾಲೋವೀನ್ ಎಂಬ ಹಬ್ಬ. ಆ ಹಬ್ಬಕ್ಕಾಗಿ ಕುಂಬಳಕಾಯಿಯನ್ನು ಟೊಳ್ಳು ಮಾಡಿ, ಕಣ್ಣು ಮೂಗು ಬಾಯಿಗಳನ್ನು ಕೊರೆದು, ಒಳಗೆ ದೀಪವಿಟ್ಟು ಬಾಗಿಲ ಮುಂದೆ ಇರಿಸುವುದು ವಾಡಿಕೆ. ಒಂಬತ್ತು ವರ್ಷದ ನಮ್ಮ ಹುಡುಗನು ಉತ್ಸಾಹದಿಂದ ಹಬ್ಬಕ್ಕೆ ಎರಡು ವಾರ ಮೊದಲೇ ಒಂದು ಕಾಯಿಯನ್ನು ಕೊರೆದು ಮೆಟ್ಟಿಲ ಮೇಲೆ ಇಟ್ಟಿದ್ದನು. ಎಂಟು ದಿನವಾಗುವಷ್ಟರಲ್ಲಿ ಅದರ ಬಾಯಿ ಒಳಕ್ಕೆ ಮುದುಡಿತು. ಕಣ್ಣುಗಳ ಸುತ್ತ ಕಪ್ಪು ಬೂಷ್ಟು ಬೆಳೆಯಿತು. ತಳದಿಂದ ನೀರು ಸೋರಿತು. ಹುಡುಗನು ಕಣ್ಣೀರು ಒರೆಸಿಕೊಳ್ಳುತ್ತ, "ದೊಡ್ಡಪ್ಪಾ, ನಾನೇನು ತಪ್ಪು ಮಾಡಿದೆ?" ಎಂದು ಕೇಳಿದನು. ಉತ್ತರ ಹೇಳುವುದು ನಮಗೆ ಆಗ ಸುಲಭವಾಗಲಿಲ್ಲ.

ಅವನನ್ನು ಸಮಾಧಾನಪಡಿಸಲೆಂದು ಅಂದು ಸಂಜೆ ಎಲ್ಲರೂ ಪಿಜನ್ ಫೋರ್ಜ್ ಎಂಬ ಊರಿನ ಡಾಲಿವುಡ್ ವಿಹಾರೋದ್ಯಾನಕ್ಕೆ ಹೊರಟೆವು. ಗಾಯಕಿ ಡಾಲಿ ಪಾರ್ಟನ್ ಅವರ ಹೆಸರಿನಲ್ಲಿ 1986 ರಿಂದ ನಡೆದು ಬಂದಿರುವ ಈ ಉದ್ಯಾನವು ಸ್ಮೋಕಿ ಪರ್ವತಗಳ ತಪ್ಪಲಲ್ಲಿದೆ. ಶರತ್ಕಾಲದ ರಾತ್ರಿಗಳಲ್ಲಿ ಕುಂಬಳದೀಪಗಳನ್ನು ಪ್ರದರ್ಶಿಸುವ ಕ್ರಮ ಇಲ್ಲಿ 2017 ರಲ್ಲಿ ಆರಂಭವಾಯಿತು. ಕತ್ತಲಾಗುತ್ತಲೇ ಗುಡ್ಡದ ದಾರಿಯುದ್ದಕ್ಕೂ ಸಾವಿರಾರು ಕಾಯಿಗಳು ಕೆಂಡದಂತೆ ಬೆಳಗತೊಡಗಿದುವು. ಸಾಲುಸಾಲಾಗಿ ನಗುವ ಮುಖಗಳು, ಪ್ರಾಣಿಗಳ ಆಕೃತಿಗಳು, ಮರದಂತೆ ಎತ್ತರಕ್ಕೆ ಪೇರಿಸಿದ ಕಾಯಿಗಳು! ಹುಡುಗನು ಬೆರಗಾಗಿ ನಿಂತು, "ಇವು ಯಾಕೆ ಕೊಳೆತಿಲ್ಲ?" ಎಂದನು. ಅವ್ವನಿಗೆ ಬೇರೊಂದು ಚಿಂತೆ. "ಇಷ್ಟೊಂದು ಕಾಯಿ ಕೊರದಾರಲ್ಲ, ಇವನ್ನೆಲ್ಲ ಉಣ್ಣೋರು ಯಾರು?" ಎಂದಳು.

ಅಜ್ಜಿ ಮೊಮ್ಮಗರ ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ಕಾಯಿಯು ಬೆಳಗುವುದು ಹೇಗೆಂಬುದನ್ನು ನೋಡೋಣ.

ತಿರುಳಿನಲ್ಲಿ ದಾರಿ ತಪ್ಪುವ ಬೆಳಕು

ಕುಂಬಳದ ತಿರುಳಿನಲ್ಲಿ 100 ಕ್ಕೆ 90 ಕ್ಕಿಂತ ಹೆಚ್ಚು ಪಾಲು ನೀರೇ. ನೀರು ಪಾರದರ್ಶಕ. ಹಾಗಿದ್ದರೂ ತಿರುಳಿನ ಮೂಲಕ ಒಳಗಿನ ದೀಪದ ಕುಡಿ ಕಾಣುವುದಿಲ್ಲ. ಇಡೀ ಗೋಡೆಯೇ ಮೃದುವಾಗಿ ಬೆಳಗುವುದು. ಇದಕ್ಕೆ ಕಾರಣ ಆ ನೀರು ಒಂದೇ ರಾಶಿಯಾಗಿರದೆ ಲೆಕ್ಕವಿಲ್ಲದಷ್ಟು ಜೀವಕೋಶಗಳಲ್ಲಿ ಹಂಚಿಹೋಗಿರುವುದು. ಕೋಶಗಳ ಭಿತ್ತಿಗಳು, ಅವುಗಳ ನಡುವಣ ಗಾಳಿಯ ಸಂದುಗಳು, ಹೀಗೆ ಒಂದೊಂದು ಗಡಿಯಲ್ಲಿಯೂ ಬೆಳಕು ಸ್ವಲ್ಪ ಬಾಗುವುದು, ಸ್ವಲ್ಪ ಹಿಂದಕ್ಕೆ ಚಿಮ್ಮುವುದು. ನೇರವಾಗಿ ಹೊರಟ ಕಿರಣವು ಜಾತ್ರೆಯಲ್ಲಿ ಸಿಕ್ಕಿಕೊಂಡ ಮನುಷ್ಯನಂತೆ ಅತ್ತಿತ್ತ ತಳ್ಳಿಸಿಕೊಂಡು ಕೊನೆಗೆ ಎಲ್ಲಿಯೋ ಹೊರಬೀಳುವುದು. ಹಾಲು ಬೆಳ್ಳಗೆ ಕಾಣುವುದೂ ಮಂಜಿನಲ್ಲಿ ದೀಪದ ಸುತ್ತ ಪ್ರಭೆ ಹರಡುವುದೂ ಬೆಳಕಿನ ಈ ಚದರುವಿಕೆಯಿಂದಲೇ.

ಇನ್ನು ಬಣ್ಣದ ಮಾತು. ಸಿಹಿಗುಂಬಳದ ತಿರುಳಿನಲ್ಲಿ ಗಜ್ಜರಿಯಲ್ಲಿರುವಂತೆಯೇ ಕೆರೋಟಿನ್ ಜಾತಿಯ ವರ್ಣದ್ರವ್ಯಗಳಿವೆ. ಇವು ಬೆಳಕಿನಲ್ಲಿರುವ ನೀಲಿ ಮತ್ತು ನೇರಳೆ ಭಾಗಗಳನ್ನು ಹೀರಿಕೊಂಡು ಹಳದಿ, ಕಿತ್ತಳೆ, ಕೆಂಪುಗಳನ್ನು ಬಿಟ್ಟುಕೊಡುತ್ತವೆ. ಕಿರಣವು ತಿರುಳಿನೊಳಗೆ ಸುತ್ತಾಡುವುದರಿಂದ ಅದು ಕ್ರಮಿಸುವ ದೂರ ಗೋಡೆಯ ದಪ್ಪಕ್ಕಿಂತ ಎಷ್ಟೋ ಹೆಚ್ಚು. ಆದುದರಿಂದ ವರ್ಣದ್ರವ್ಯಕ್ಕೆ ಅದನ್ನು ಸೋಸುವ ಅವಕಾಶವೂ ಅಷ್ಟೇ ಹೆಚ್ಚು. ಬಿಳಿಯ ದೀಪವಿಟ್ಟರೂ ಕೆಂಡದ ಬಣ್ಣ ಹೊರಬರುವ ರಹಸ್ಯವಿದು.

ಗೋಡೆಯ ದಪ್ಪ ಸ್ವಲ್ಪ ಬದಲಾದರೂ ಹೊಳಪು ಬಹಳವಾಗಿ ಬದಲಾಗುವುದು. ಒಂದು ಅಂಗುಲ ತಿರುಳು ಬೆಳಕಿನ ಅರ್ಧವನ್ನು ತಡೆಯುವುದೆಂದು ಭಾವಿಸೋಣ. ಎರಡನೆಯ ಅಂಗುಲವು ಉಳಿದ ಅರ್ಧವನ್ನೆಲ್ಲ ತಡೆಯುವುದಿಲ್ಲ. ಆ ಅರ್ಧದಲ್ಲಿ ಅರ್ಧವನ್ನು ತಡೆಯುವುದು. ಮೂರನೆಯದನ್ನು ದಾಟಿದ ಮೇಲೆ ಉಳಿಯುವುದು ಎಂಟನೆಯ ಒಂದು ಪಾಲು. ಕೊರೆಯುವ ಕುಶಲಿಗಳು ಈ ಗಣಿತವನ್ನು ಕೈಬೆರಳಲ್ಲಿಯೇ ಬಲ್ಲರು. ಪೂರ್ತಿ ತೂತು ಮಾಡಿದಲ್ಲಿ ದೀಪದ ಬಿಳುಪು, ತೆಳುವಾಗಿ ಹೆರೆದಲ್ಲಿ ಹೊಂಬಣ್ಣ, ಸಿಪ್ಪೆಯನ್ನಷ್ಟೇ ತೆಗೆದಲ್ಲಿ ಮಂದವಾದ ಕೆಂಪು, ಸಿಪ್ಪೆಯಿದ್ದಲ್ಲಿ ಕತ್ತಲೆ: ಹೀಗೆ ಒಂದು ಚಾಕುವಿನಿಂದಲೇ ಅವರು ಬೆಳಕಿನ ಚಿತ್ರ ಬರೆಯುವರು.

ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಅಡಿಗೆಗೆ ತಂದ ಸಿಹಿಗುಂಬಳದಿಂದ ತೆಳುವಾದುದೊಂದು, ನಡುತರದ್ದೊಂದು, ದಪ್ಪನಾದುದೊಂದು ಹೋಳು ಕತ್ತರಿಸಿ, ಕತ್ತಲೆಯ ಕೋಣೆಯಲ್ಲಿ ಮೊಬೈಲ್ ದೂರವಾಣಿಯ ದೀಪದ ಮುಂದೆ ಒಂದೊಂದಾಗಿ ಹಿಡಿಯಿರಿ. ದಪ್ಪವಾದಂತೆ ಬೆಳಕು ಕುಗ್ಗುವುದಲ್ಲದೆ ಹಳದಿಯಿಂದ ಕೆಂಪಿನ ಕಡೆಗೆ ಸರಿಯುವುದನ್ನೂ ಕಾಣುವಿರಿ. ಬೂದುಗುಂಬಳದ ಹೋಳು ಹಿಡಿದರೆ ಆ ಕೆಂಪು ಬಾರದು, ಅದರ ಬಿಳಿಯ ತಿರುಳಿನಲ್ಲಿ ಆ ವರ್ಣದ್ರವ್ಯವಿಲ್ಲ.

ಎರಡು ಕುಲದ ಕುಂಬಳಗಳು

"ಕುಂಬಳಕಾಯಿ ನಮ್ಮ ದೇಶದ್ದು" ಎಂದು ಹುಡುಗನು ಹೆಮ್ಮೆಪಟ್ಟನು. "ನಮ್ಮೂರ ತಿಪ್ಪಿ ಮ್ಯಾಲೆ ಬೆಳೆಯೋದು ಯಾರದು ಮತ್ತೆ?" ಎಂದು ಅವ್ವ ಕೇಳಿದಳು. ಇಬ್ಬರ ಮಾತೂ ಅರ್ಧ ಸರಿ. ತಲೆಬಾಗಿಲ ಬೂದುಗುಂಬಳವು ಏಷ್ಯ ಖಂಡದ ಗಿಡ. ನೆಲುವಿನಲ್ಲಿರುವ ಸಿಹಿಗುಂಬಳವಾದರೋ ಅಮೆರಿಕದ ಮೂಲದ್ದು. ಮೆಣಸಿನಕಾಯಿಯಂತೆ ಅದೂ ಕೊಲಂಬಸನ 1492 ರ ಯಾನದ ನಂತರವೇ ಸಮುದ್ರ ದಾಟಿ ಹಳೆಯ ಪ್ರಪಂಚಕ್ಕೆ ಬಂದುದು. ಮೆಕ್ಸಿಕೋ ದೇಶದ ಓಹಾಕಾ ಪ್ರಾಂತದ ಗುಹೆಯೊಂದರಲ್ಲಿ ದೊರೆತ ಕುಂಬಳಜಾತಿಯ ಬೀಜಗಳು ಸುಮಾರು 10,000 ವರ್ಷ ಹಳೆಯವೆಂದು 1997 ರಲ್ಲಿ ಪ್ರಕಟವಾಯಿತು. ಮೆಕ್ಕೆಜೋಳಕ್ಕಿಂತಲೂ ಮೊದಲೇ ಅಲ್ಲಿಯ ಜನ ಕುಂಬಳವನ್ನು ಬೆಳೆಯುತ್ತಿದ್ದರು.

ಕಾಯಿಯನ್ನು ದೀಪ ಮಾಡುವ ಪದ್ಧತಿ ಮಾತ್ರ ಅಮೆರಿಕದಲ್ಲಿ ಹುಟ್ಟಿದುದಲ್ಲ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡುಗಳಲ್ಲಿ ಟರ್ನಿಪ್ ಗೆಡ್ಡೆಯನ್ನು ಕೊರೆದು ಭೂತಮುಖದ ದೀಪ ಮಾಡುತ್ತಿದ್ದರು. 19 ನೆಯ ಶತಮಾನದಲ್ಲಿ ವಲಸೆ ಹೋದ ಜನರಿಗೆ ಹೊಸ ನಾಡಿನಲ್ಲಿ ಗೆಡ್ಡೆಗಿಂತ ದೊಡ್ಡದೂ ಕೊರೆಯಲು ಸುಲಭವೂ ಆದ ಕುಂಬಳ ದೊರೆಯಿತು. ಹಬ್ಬ ಹಳೆಯದೇ ಉಳಿದು ಪಾತ್ರೆ ಬದಲಾಯಿತು.

ದೀಪವೂ ಈಚೆಗೆ ಬದಲಾಗಿದೆ. ಮೇಣದ ಬತ್ತಿಯೊಂದು ಉರಿಯುವಾಗ ಸುಮಾರು 80 ವಾಟ್ ಶಕ್ತಿ ಬಿಡುಗಡೆಯಾಗುವುದಾದರೂ ಅದರ ಬಹುಪಾಲು ಶಾಖವಾಗಿ ವ್ಯಯವಾಗುವುದು. ಅಷ್ಟೇ ಬೆಳಕನ್ನು ಇಂದಿನ ಎಲ್.ಇ.ಡಿ. ದೀಪವು ಒಂದು ವಾಟಿನ ಸಣ್ಣ ಅಂಶದಿಂದಲೇ ಕೊಡಬಲ್ಲುದು. ಬತ್ತಿಯ ಶಾಖವು ಕಾಯಿಯನ್ನು ಒಳಗಿನಿಂದ ಬೇಯಿಸುವುದು, ಎಲ್.ಇ.ಡಿ. ಆ ಕೇಡನ್ನು ತಪ್ಪಿಸುವುದು. ಆದರೆ ನಮ್ಮ ಹುಡುಗನು ಇಟ್ಟಿದ್ದುದೂ ಎಲ್.ಇ.ಡಿ. ದೀಪವನ್ನೇ. ಹಾಗಿದ್ದೂ ಕಾಯಿ ಕೊಳೆಯಿತಷ್ಟೆ?

ಬೆಳಕಿನ ಬಾಗಿಲು, ಬೂಷ್ಟಿನ ಬಾಗಿಲು

ಕೊಯ್ದ ಕುಂಬಳಕಾಯಿ ಸತ್ತ ವಸ್ತುವಲ್ಲ. ಬಳ್ಳಿಯಿಂದ ಬೇರೆಯಾದರೂ ಅದರ ಕೋಶಗಳು ನಿಧಾನವಾಗಿ ಉಸಿರಾಡುತ್ತಿರುತ್ತವೆ. ಹೊರಗಿನ ಗಟ್ಟಿ ಸಿಪ್ಪೆಯ ಮೇಲೆ ಮೇಣದ ಲೇಪವೊಂದುಂಟು. ಬೂದುಗುಂಬಳದ ಮೇಲೆ ಕೈಗೆ ಅಂಟುವ ಬೂದಿ ಎಂಬುದೂ ಮೇಣವೇ. ಈ ಲೇಪವು ಒಳಗಿನ ನೀರು ಆರದಂತೆಯೂ ಹೊರಗಿನ ಬೂಷ್ಟು ನುಗ್ಗದಂತೆಯೂ ಕಾಯುವುದು. ಕೊಯ್ದ ಮೇಲೆ 27 ರಿಂದ 29 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹತ್ತು ದಿನ ಹದಗೊಳಿಸಿದರೆ ಸಿಪ್ಪೆ ಇನ್ನೂ ಗಟ್ಟಿಯಾಗಿ ಸಣ್ಣ ಗೀರುಗಳು ಮಾಯುವುವೆಂದು ಕೃಷಿಶಾಸ್ತ್ರ ಹೇಳುವುದು. ಕಾಯಿಯನ್ನು ತೊಟ್ಟುಸಹಿತ ಕೊಯ್ದು, ನೆಲಕ್ಕೆ ತಾಗದಂತೆ ಗಾಳಿಯಾಡುವ ನೆಲುವಿನಲ್ಲಿಡುವ ನಮ್ಮ ಹಿರಿಯರು ಅದೇ ತತ್ತ್ವವನ್ನು ಅನುಸರಿಸುತ್ತಿದ್ದರು. ತೊಟ್ಟು ಮುರಿದರೆ ಅಲ್ಲೊಂದು ಗಾಯವಾಗುವುದು, ಅಲ್ಲಿಂದಲೇ ಕೊಳೆಯುವಿಕೆ ಮೊದಲಾಗುವುದು.

ಚಾಕು ತಾಗಿದೊಡನೆ ಈ ಕೋಟೆ ಒಡೆಯಿತು. ಕೊರೆದ ಅಂಚಿನಲ್ಲಿ ಸಕ್ಕರೆಯುಳ್ಳ ರಸ ಜಿನುಗುವುದು. ಗಾಳಿಯಲ್ಲಿ ಸದಾ ತೇಲುತ್ತಿರುವ ಬೂಷ್ಟಿನ ಕಣಗಳಿಗೂ ಸೂಕ್ಷ್ಮಜೀವಿಗಳಿಗೂ ಇದಕ್ಕಿಂತ ಒಳ್ಳೆಯ ಊಟ ಬೇಕೆ? ಕೋಶಕ್ಕೆ ಕೋಶವನ್ನು ಅಂಟಿಸಿರುವ ಪೆಕ್ಟಿನ್ ಎಂಬ ದ್ರವ್ಯವನ್ನು ಅವು ಕರಗಿಸಿಬಿಡುತ್ತವೆ. ಗಾರೆ ಕರಗಿದ ಗೋಡೆಯಂತೆ ತಿರುಳು ಕುಸಿಯುವುದು. ಇತ್ತ ನೀರು ಆರಿ ಅಂಚುಗಳು ಮುದುಡುವುವು. ಚಳಿಯಿದ್ದರೆ ಇದು ನಿಧಾನ, ಬಿಸಿಲಿದ್ದರೆ ಬಲುಬೇಗ.

ಇಲ್ಲಿ ಒಂದು ಕಠಿಣವಾದ ನಿಯಮವನ್ನು ಕಾಣುತ್ತೇವೆ. ಗೋಡೆಯನ್ನು ತೆಳುವಾಗಿಸಿದಷ್ಟೂ ಬೆಳಕು ಚೆನ್ನ. ಆದರೆ ಅಷ್ಟೂ ಆಯುಸ್ಸು ಕಡಮೆ. ಬೆಳಕು ಹೊರಬರುವ ಬಾಗಿಲೇ ಬೂಷ್ಟು ಒಳಬರುವ ಬಾಗಿಲು. ಹುಡುಗನು ತಪ್ಪನ್ನೇನೂ ಮಾಡಿರಲಿಲ್ಲ. ಎರಡು ವಾರ ಮೊದಲೇ ಬಾಗಿಲು ತೆರೆದಿದ್ದನು, ಅಷ್ಟೆ.

ವಾಸನೆಯಿಲ್ಲದ ಕಾಯಿ

ಹಾಗಾದರೆ ಉದ್ಯಾನದಲ್ಲಿ ವಾರಗಟ್ಟಲೆ ಬೆಳಗುವ ಕಾಯಿಗಳ ಗುಟ್ಟೇನು? ಅದನ್ನು ಮೊದಲು ಕಂಡುಹಿಡಿದವಳು ಅವ್ವ. ದಾರಿಯ ಅಂಚಿನಲ್ಲಿದ್ದ ಒಂದರ ಹತ್ತಿರ ಬಾಗಿ ಮೂಗಿನಿಂದ ಉಸಿರೆಳೆದು, "ವಾಸ್ನಿನೇ ಇಲ್ಲ. ಇದು ಕಾಯಿ ಅಲ್ಲ ತಮ್ಮಾ" ಎಂದಳು. ನಿಜವೇ. ಕೊರೆದ ಕುಂಬಳದ ಹಸಿವಾಸನೆ ಅಲ್ಲಿರಲಿಲ್ಲ, ಬೀಜವಿಲ್ಲ, ನಾರಿಲ್ಲ. ವಾರಗಟ್ಟಲೆ ನಡೆಯುವ ಇಂತಹ ಪ್ರದರ್ಶನಗಳಲ್ಲಿ ನೊರೆಯಂತೆ ಹಗುರವಾದ ಕೃತಕ ದ್ರವ್ಯದಿಂದ ಎರಕಹೊಯ್ದ ಕಾಯಿಗಳನ್ನು ಬಳಸುವುದು ಸಾಮಾನ್ಯ. ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿಯ ಕಣಿವೆಯಲ್ಲಿ 2005 ರಿಂದ ನಡೆದು ಬಂದ ಪ್ರಸಿದ್ಧ ಪ್ರದರ್ಶನದಲ್ಲಿಯೂ ನಿಜವಾದ ಕಾಯಿಗಳ ಜೊತೆಗೆ ಇಂತಹವು ಸೇರಿರುತ್ತವೆ. ಬೂಷ್ಟು ತಿನ್ನಲಾರದ ಗೋಡೆ ವರುಷ ವರುಷವೂ ಬೆಳಗಬಲ್ಲುದು. ಆದರೆ ಬೂಷ್ಟು ತಿನ್ನಲಾರದುದನ್ನು ಮಣ್ಣೂ ತಿನ್ನಲಾರದು. ಎಸೆದ ದಿನ ಅದೇ ಗುಣ ದೋಷವಾಗುವುದು.

ಅವ್ವನ ಪ್ರಶ್ನೆಗೆ ಉತ್ತರ ಇಷ್ಟು ಸುಲಭವಲ್ಲ. ಅಮೆರಿಕದ ಮನೆಗಳ ಮುಂದೆ ಇಡುವ ನಿಜವಾದ ಕಾಯಿಗಳಲ್ಲಿ ಅನೇಕವನ್ನು ಯಾರೂ ಉಣ್ಣುವುದಿಲ್ಲ. ಹಬ್ಬ ಮುಗಿದ ಮೇಲೆ ಅವು ಕಸದೊಡನೆ ಹೂಳಲ್ಪಟ್ಟರೆ ಗಾಳಿಯಿಲ್ಲದೆಡೆ ಕೊಳೆತು ಮೀಥೇನ್ ಅನಿಲವಾಗುತ್ತವೆ. ಭೂಮಿಯ ಶಾಖವನ್ನು ಹೆಚ್ಚಿಸುವ ಅನಿಲಗಳಲ್ಲಿ ಅದೂ ಒಂದು. ಇದನ್ನು ಕೇಳಿ ನಾವು ಮೂಗು ಮುರಿಯಬೇಕಾಗಿಲ್ಲ. ಆಯುಧಪೂಜೆಯಂದು ನಮ್ಮ ನಗರಗಳ ಬೀದಿಗಳಲ್ಲಿ ಒಡೆದು ಬಿಡುವ ಬೂದುಗುಂಬಳಗಳನ್ನು ಯಾರು ಉಣ್ಣುವರು? ಕುಂಕುಮ ಕಲಸಿದ ಹೋಳನ್ನು ದನವೂ ಸುಖವಾಗಿ ತಿನ್ನಲಾರದು. ಟಾಯರಿಗೂ ರಸ್ತೆಗೂ ನಡುವೆ ಆ ಲೋಳೆ ಸೇರಿದರೆ ಘರ್ಷಣೆ ತಗ್ಗಿ ದ್ವಿಚಕ್ರ ವಾಹನದವರು ಜಾರಿಬೀಳುವರು. ದೃಷ್ಟಿ ತಾಗದಿರಲೆಂದು ಒಡೆದ ಕಾಯಿಯೇ ಇನ್ನೊಬ್ಬರಿಗೆ ಪೆಟ್ಟು ತಾಗಿಸುವುದು. ಒಡೆದವನೇ ಹೋಳುಗಳನ್ನು ಬದಿಗೆ ಸರಿಸಿದರೆ ಪೂಜೆಗೆ ಊನವೇನೂ ಬಾರದು.

ಅಕ್ಟೋಬರ್ 30 ರ ಸಂಜೆ ತಮ್ಮನು ಮತ್ತೊಂದು ಕಾಯಿ ತಂದನು. ಈ ಸಲ ಕೆಲಸ ಅವ್ವನ ಅಪ್ಪಣೆಯಂತೆ ನಡೆಯಿತು. ಚಾಕು ತಾಗಿಸುವುದು ನಾಳೆಗೆ ಬೇಡ ನಾಡಿದ್ದಿಗೂ ಬೇಡ, ಈಗಲೇ. ಒಳಗೆ ಕೆರೆದ ತಿರುಳನ್ನು ಚೆಲ್ಲಕೂಡದು. ಹುಡುಗನು ಮುಖ ಕೊರೆದನು. ಅವ್ವನು ತಿರುಳನ್ನು ಬೆಲ್ಲದೊಡನೆ ಬೇಯಿಸಿ, ಹಿಟ್ಟು ಕಲಸಿ ಗಾರಿಗೆ ಕರಿದಳು. ಬೀಜಗಳನ್ನು ತೊಳೆದು ಹುರಿದಳು. ಎರಡು ರಾತ್ರಿ ದೀಪ ಬೆಳಗಿತು. ಮೂರನೆಯ ದಿನ, ಬೂಷ್ಟು ಕಾಣುವ ಮೊದಲೇ, ಅಜ್ಜಿ ಮೊಮ್ಮಗ ಇಬ್ಬರೂ ಸೇರಿ ಆ ಕಾಯಿಯನ್ನು ತುಂಡುಮಾಡಿ ಹಿತ್ತಿಲ ಗಿಡದ ಬುಡದಲ್ಲಿ ಮಣ್ಣು ಮುಚ್ಚಿದರು. ಹುಡುಗನು ಈ ಸಲ ಅಳಲಿಲ್ಲ.

ಊರಿಗೆ ಮರಳಿದಾಗ ಬಾಗಲವಾಡದ ಮನೆಯ ನೆಲುವಿನಲ್ಲಿ ನಾವು ಹೊರಡುವ ಮುನ್ನ ಇಟ್ಟಿದ್ದ ಸಿಹಿಗುಂಬಳವು ಹಾಗೆಯೇ ಇದ್ದಿತು. ಅವ್ವನು ಅದನ್ನು ಬೆರಳಿನಿಂದ ತಟ್ಟಿ, ತೊಟ್ಟನ್ನು ನೋಡಿ, "ಎಳ್ಳಮಾಸಿತನಕ ಇರ್ತದ" ಎಂದಳು. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಬುತ್ತಿ ಕಟ್ಟುವಾಗ ಅದನ್ನು ಕೊಯ್ದೆವು. ತಿರುಳು ಕೆಂಡದ ಬಣ್ಣದಲ್ಲಿಯೇ ಇದ್ದಿತು.