ಬಂಡೆಯೇರುವ ಪುಟ್ಟ ಬಂಡಿ

ಹಾಸನದಿಂದ ಪಶ್ಚಿಮಕ್ಕೆ ಹೊರಟು ಆಲೂರನ್ನು ದಾಟಿದ ಪ್ರಯಾಣಿಕನಿಗೆ ನೆಲದ ಸ್ವರೂಪವೇ ಬದಲಾಗುತ್ತಿರುವುದು ಗೋಚರವಾಗುತ್ತದೆ. ಬಯಲು ಹಿಂದೆ ಸರಿದು ಗುಡ್ಡಗಳು ತಲೆಯೆತ್ತುತ್ತವೆ. ಹೇಮಾವತಿಯ ದಡದ ಸಕಲೇಶಪುರವನ್ನು ಸೇರುವ ವೇಳೆಗೆ ಎಲ್ಲೆಲ್ಲೂ ಕಾಫಿ ತೋಟಗಳು, ಅವುಗಳ ನಡುವೆ ಮಳೆಯಿಂದ ಕೊರೆದುಹೋದ ಕಡಿದಾದ ದಾರಿಗಳು. ಆ ದಾರಿಗಳಲ್ಲಿ ಆಳುಗಳನ್ನೂ ಗೊಬ್ಬರದ ಮೂಟೆಗಳನ್ನೂ ಹೊತ್ತ ಜೀಪು ಒಂದು ಚಕ್ರವನ್ನು ಬಂಡೆಯ ಮೇಲೂ ಇನ್ನೊಂದನ್ನು ಹಳ್ಳದಲ್ಲೂ ಇಟ್ಟು ಏರುವುದನ್ನು ಕಂಡವರು, ಅದು ಮಗುಚಿಕೊಳ್ಳದಿರುವುದು ಹೇಗೆ ಎಂದು ಆಶ್ಚರ್ಯಪಡದೆ ಇರಲಾರರು.

ಈ ಪ್ರಶ್ನೆಗೆ ಉತ್ತರವನ್ನು ನಾವು ಒಂದು ಆಟಿಕೆಯಿಂದ ಕಲಿತೆವು. ನಮ್ಮ ವಿದ್ಯಾರ್ಥಿಗಳಿಬ್ಬರಲ್ಲಿ ರೇಡಿಯೊ ತರಂಗಗಳಿಂದ ನಡೆಯುವ, ಜೀಪಿನ ಹತ್ತನೆಯ ಒಂದು ಅಳತೆಯ ಬಂಡಿಯೊಂದಿದೆ. ಬಂಡೆಗಳ ಮೇಲೆ ತೆವಳುವುದೇ ಇದರ ಕಸುಬಾದ್ದರಿಂದ ಇದಕ್ಕೆ ಕ್ರಾಲರ್ ಎಂದು ಹೆಸರು. ವೇಗ ಇದಕ್ಕೆ ಬೇಡ. ನಾಲ್ಕು ಚಕ್ರಗಳೂ ಸದಾ ನೆಲವನ್ನು ಹಿಡಿದಿರಬೇಕು, ಅಷ್ಟೆ. ರಜಾ ದಿನವೊಂದರಲ್ಲಿ ಅವರು ಹೊಸ ಷಾಕ್ ಅಬ್ಸಾರ್ಬರುಗಳನ್ನು ತಂದು ಜೋಡಿಸಿದರು. ಅವು ಅಲ್ಯೂಮಿನಿಯಮ್ಮಿನವು, ನೋಡಲು ಸೊಗಸಾದವು, ಹಳೆಯವುಗಳಿಗಿಂತ ಉದ್ದವಾದವು. ಬಂಡಿ ಮೊದಲಿಗಿಂತ ಎತ್ತರಕ್ಕೆ ನಿಂತು ಬಹು ಗಂಭೀರವಾಗಿ ಕಂಡಿತು. ಆದರೆ ಹಿಂದಿನ ವಾರ ಸುಲಭವಾಗಿ ದಾಟಿದ್ದ ಬಂಡೆಯ ಮೇಲೆ ಅದು ಎರಡು ಸಲ ಉರುಳಿಬಿದ್ದಿತು! ಉದ್ದದ ಷಾಕುಗಳು ಒಳ್ಳೆಯವೆಂದು ಸಲಹೆಯಿತ್ತವರು ನಾವೇ. ಆದಕಾರಣ ಕಾರಣವನ್ನು ಹುಡುಕುವ ಹೊಣೆಯೂ ನಮ್ಮದಾಯಿತು.

ಉರುಳುವ ಕೋನ

ಯಾವ ವಸ್ತುವೇ ಆಗಲಿ, ಅದರ ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆಯು ತಳಹದಿಯ ಒಳಗೆ ಬೀಳುವವರೆಗೆ ಮಾತ್ರ ಅದು ಸ್ಥಿರವಾಗಿರುತ್ತದೆ. ನಮ್ಮ ಬಂಡಿಯಲ್ಲಿ ಎಡಬಲ ಚಕ್ರಗಳ ನಡುವಣ ಅಂತರ 190 ಮಿಲಿಮೀಟರು. ಅದರ ಅರ್ಧ 95. ಗುರುತ್ವಕೇಂದ್ರ ಮೊದಲು ನೆಲದಿಂದ 85 ಮಿಲಿಮೀಟರು ಎತ್ತರದಲ್ಲಿತ್ತು. 95ನ್ನು 85ರಿಂದ ಭಾಗಿಸಿದರೆ ಉರುಳುವ ಕೋನದ ಟ್ಯಾಂಜೆಂಟು ದೊರೆಯುತ್ತದೆ. ಕೋನವು ಸುಮಾರು 48 ಡಿಗ್ರಿ. ಹೊಸ ಷಾಕುಗಳಿಂದ ಎತ್ತರ 105ಕ್ಕೆ ಏರಿದಾಗ ಅದೇ ಕೋನ 42 ಡಿಗ್ರಿಗೆ ಇಳಿಯಿತು. ಸೊಗಸಿಗೆ ನಾವು ತೆತ್ತ ಬೆಲೆ 6 ಡಿಗ್ರಿ!

ಷಾಕುಗಳ ಒಳಗೆ ಸಣ್ಣ ಬಿಲ್ಲೆಗಳನ್ನು ಹಾಕಿ ಅವುಗಳ ಚಾಚನ್ನು ಕಡಮೆಮಾಡಿದೆವು. ಮೆದುವಾದ ಸ್ಪ್ರಿಂಗುಗಳನ್ನು ಹಾಕಿ, ಬಂಡಿ ಸುಮ್ಮನೆ ನಿಂತಾಗಲೇ ಒಟ್ಟು ಚಲನೆಯ ಮೂರನೆಯ ಒಂದು ಭಾಗದಷ್ಟು ಅವು ಕುಸಿದಿರುವಂತೆ ನೋಡಿಕೊಂಡೆವು. ಇದರಿಂದ ಎರಡು ಪ್ರಯೋಜನಗಳುಂಟು. ಒಡಲು ತಗ್ಗಿನಲ್ಲಿ ಕುಳಿತಿರುತ್ತದೆ. ಚಕ್ರದ ಕೆಳಗೆ ಗುಂಡಿ ಬಂದಾಗ ಸ್ಪ್ರಿಂಗು ಚಾಚಿಕೊಂಡು ಚಕ್ರವನ್ನು ಗುಂಡಿಯೊಳಕ್ಕೆ ಒತ್ತುತ್ತದೆ. ಗಾಳಿಯಲ್ಲಿ ತಿರುಗುವ ಚಕ್ರ ಬಂಡಿಯನ್ನು ಒಂದು ಕೂದಲೆಳೆಯಷ್ಟೂ ಮುಂದೆ ತಳ್ಳಲಾರದು. ರಬ್ಬರಿನ ವಿಷಯದಲ್ಲಿ ಇನ್ನೊಂದು ವಿಶೇಷವುಂಟು: ಭಾರ ಹೆಚ್ಚಿದಂತೆ ಅದರ ಘರ್ಷಣಾಂಕ ಸ್ವಲ್ಪ ತಗ್ಗುತ್ತದೆ. ಆದ್ದರಿಂದ ಎರಡೇ ಚಕ್ರಗಳ ಮೇಲೆ ಬಿದ್ದ ಭಾರಕ್ಕಿಂತ ನಾಲ್ಕಕ್ಕೂ ಹಂಚಿಹೋದ ಭಾರವೇ ಹೆಚ್ಚಿನ ಹಿಡಿತವನ್ನು ಕೊಡುತ್ತದೆ.

ಎಣ್ಣೆಯ ಕೆಲಸ

ಸ್ಪ್ರಿಂಗು ಶಕ್ತಿಯನ್ನು ಕೂಡಿಟ್ಟು ಹಿಂದಕ್ಕೆ ಕೊಡುತ್ತದೆಯೇ ಹೊರತು ನುಂಗುವುದಿಲ್ಲ. ಕೇವಲ ಸ್ಪ್ರಿಂಗಿನ ಮೇಲೆ ಕುಳಿತ ಬಂಡಿ ಒಂದು ಕಲ್ಲನ್ನು ಹತ್ತಿಳಿದ ಮೇಲೂ ಕುಣಿಯುತ್ತಲೇ ಇರುತ್ತದೆ. ಈ ಆಂದೋಲನದ ವೇಗವನ್ನು ಸ್ಪ್ರಿಂಗು ಎಷ್ಟು ಕುಸಿದಿದೆ ಎಂಬುದರಿಂದಲೇ ಲೆಕ್ಕಹಾಕಬಹುದು. 10 ಮಿಲಿಮೀಟರು ಕುಸಿದ ಆಟದ ಬಂಡಿ ಸೆಕೆಂಡಿಗೆ ಸುಮಾರು 5 ಸಲ ಕುಣಿಯುತ್ತದೆ. 10 ಸೆಂಟಿಮೀಟರು ಕುಸಿದ ದೊಡ್ಡ ಬಂಡಿ ಸುಮಾರು ಒಂದೂವರೆ ಸಲ. ಅಳತೆ ಹತ್ತರಷ್ಟು ಕುಗ್ಗಿದಾಗ ಕುಣಿತ ಹತ್ತರ ವರ್ಗಮೂಲದಷ್ಟು ಚುರುಕಾಗುತ್ತದೆಂದು ಇದರ ಅರ್ಥ.

ಈ ಕುಣಿತವನ್ನು ಅಡಗಿಸುವುದು ಷಾಕಿನೊಳಗಿನ ಎಣ್ಣೆ. ಕೊಂತ ಮೇಲೆ ಕೆಳಗೆ ಚಲಿಸುವಾಗ ಅದರ ಸೂಕ್ಷ್ಮ ರಂಧ್ರಗಳ ಮೂಲಕ ಎಣ್ಣೆ ನುಸುಳಬೇಕಾಗುತ್ತದೆ. ವೇಗ ಹೆಚ್ಚಿದಷ್ಟೂ ಪ್ರತಿರೋಧ ಹೆಚ್ಚು. ಚಲನೆಯ ಶಕ್ತಿ ಶಾಖವಾಗಿ ಮಾರ್ಪಟ್ಟು ಹೊರಹೋಗುತ್ತದೆ. ಎಣ್ಣೆ ತೀರ ತೆಳುವಾದರೆ ಕುಣಿತ ನಿಲ್ಲದು. ತೀರ ಮಂದವಾದರೆ ಚಕ್ರ ಗುಂಡಿಗೆ ಇಳಿಯುವುದು ತಡವಾಗಿ, ಆ ವೇಳೆಗೆ ಬಂಡಿಯೇ ವಾಲಿರುತ್ತದೆ. ನಾವು ಮೊದಲು ಹೊಲಿಗೆ ಯಂತ್ರದ ಎಣ್ಣೆಯನ್ನು ತುಂಬಿ ನಗೆಪಾಟಲಿಗೀಡಾದೆವು. ಬಂಡಿ ಕಪ್ಪೆಯಂತೆ ಕುಪ್ಪಳಿಸಿತು. ಅನಂತರ ಸಿಲಿಕೋನ್ ಎಣ್ಣೆಯನ್ನು ಹಾಕಿದೆವು. ಖನಿಜ ಎಣ್ಣೆಗಳ ಸ್ನಿಗ್ಧತೆ ಉಷ್ಣತೆಯೊಡನೆ ಬಹಳ ಬದಲಾಗುತ್ತದೆ. ಸಿಲಿಕೋನ್ ಎಣ್ಣೆಯದು ಅಷ್ಟಾಗಿ ಬದಲಾಗುವುದಿಲ್ಲ. ಮಂಜು ಮುಸುಕಿದ ಮಲೆನಾಡಿನ ಮುಂಜಾನೆಗೂ ಕಾದ ಬಂಡೆಯ ಮಧ್ಯಾಹ್ನಕ್ಕೂ ಒಂದೇ ಎಣ್ಣೆ ಸಾಕಾಗುವುದು ಇದರಿಂದಲೇ. ಎಣ್ಣೆ ತುಂಬಿದ ಮೇಲೆ ಕೊಂತವನ್ನು ನಿಧಾನವಾಗಿ ಆಡಿಸಿ, ಗುಳ್ಳೆಗಳೆಲ್ಲ ಮೇಲೆದ್ದು ಹೋಗುವವರೆಗೆ ಕಾಯಬೇಕು. ಗಾಳಿ ಸುಲಭವಾಗಿ ಕುಗ್ಗುವ ವಸ್ತುವಾದ್ದರಿಂದ ಉಳಿದ ಗುಳ್ಳೆಗಳು ಎಣ್ಣೆಯ ಪ್ರತಿರೋಧವನ್ನು ಕೆಡಿಸುತ್ತವೆ.

ನಾಲ್ಕು ಲಿಂಕುಗಳು

ಸ್ಪ್ರಿಂಗು ಒಡಲಿನ ಭಾರವನ್ನು ಹೊರುತ್ತದೆ. ಆದರೆ ಅಚ್ಚನ್ನು ಹಿಂದೆ ಮುಂದೆ ಸರಿಯದಂತೆ ಹಿಡಿದಿಡುವವರು ಯಾರು? ಹಳೆಯ ವಿಲಿಸ್ ಜೀಪಿನಲ್ಲಿ ಪಟ್ಟಿ ಸ್ಪ್ರಿಂಗುಗಳೇ ಎರಡು ಕೆಲಸವನ್ನೂ ಮಾಡುತ್ತಿದ್ದವು. ಕ್ರಾಲರಿನಲ್ಲಿ ಎರಡನೆಯ ಕೆಲಸ ಲಿಂಕುಗಳೆಂಬ ಕಡ್ಡಿಗಳದು. ಪ್ರತಿ ಅಚ್ಚಿಗೂ ಕೆಳಗೆರಡು, ಮೇಲೆರಡು.

ಹಿಂದಿನ ಅಚ್ಚನ್ನು ಗಮನಿಸೋಣ. ಚಕ್ರ ನೆಲವನ್ನು ಹಿಂದಕ್ಕೆ ನೂಕಿದಾಗ ಕೆಳಗಿನ ಲಿಂಕುಗಳು ಒಡಲನ್ನು ಮುಂದಕ್ಕೆ ತಳ್ಳುತ್ತವೆ. ಮೇಲಿನವು ಹಿಂದಕ್ಕೆ ಸೆಳೆಯುತ್ತವೆ. ಹೀಗೆ ಕೆಳಗಿನ ಲಿಂಕುಗಳ ಮೇಲೆ ಬೀಳುವ ಒತ್ತಡ ಚಕ್ರದ ನೂಕುಬಲಕ್ಕಿಂತಲೂ ಹೆಚ್ಚು. ನೈಲಾನ್ ಕಡ್ಡಿ ಈ ಒತ್ತಡಕ್ಕೆ ಬಿಲ್ಲಿನಂತೆ ಬಾಗುತ್ತದೆ. ಉಕ್ಕಿನ ಸ್ಥಿತಿಸ್ಥಾಪಕಾಂಕ ಸುಮಾರು 200 ಗಿಗಾಪಾಸ್ಕಲ್, ಅಲ್ಯೂಮಿನಿಯಮ್ಮಿನದು 70, ನೈಲಾನಿನದು 2 ಅಥವಾ 3 ಮಾತ್ರ. ಆದಕಾರಣ ಕೆಳಗಿನ ಲಿಂಕುಗಳನ್ನು ಉಕ್ಕಿನವಾಗಿ ಬದಲಿಸಿದೆವು. ಅವುಗಳ ತೂಕವೂ ಇಲ್ಲಿ ಗುಣವೇ. ಅದು ನೆಲದ ಸಮೀಪದಲ್ಲಿದ್ದು ಗುರುತ್ವಕೇಂದ್ರವನ್ನು ಕೆಳಗೆಳೆಯುತ್ತದೆ. ನುಣುಪಾದ ಉಕ್ಕು ಬಂಡೆಗೆ ಸಿಕ್ಕಿಕೊಳ್ಳದೆ ಜಾರಿಹೋಗುತ್ತದೆ.

ಲಿಂಕಿನ ಉದ್ದವೂ ಮುಖ್ಯ. ಅಚ್ಚು 30 ಮಿಲಿಮೀಟರು ಮೇಲೇರಿದಾಗ 100 ಮಿಲಿಮೀಟರಿನ ಲಿಂಕು ಸುಮಾರು 17 ಡಿಗ್ರಿ ವಾಲಿದರೆ 120ರದು 14 ಡಿಗ್ರಿ ಮಾತ್ರ ವಾಲುತ್ತದೆ. ಲಿಂಕುಗಳು ಮುಂದಕ್ಕೆ ವಿಪರೀತ ಮೇಲ್ಮುಖವಾಗಿದ್ದರೆ ನೂಕುಬಲದ ಒಂದು ಪಾಲು ಒಡಲನ್ನು ಎತ್ತುವುದರಲ್ಲೇ ವ್ಯಯವಾಗುತ್ತದೆ. ಏರಿನಲ್ಲಿ ಬಂಡಿ ಎಗರತೊಡಗುತ್ತದೆ.

ಆಟದಿಂದ ದಾರಿಗೆ

ಇಷ್ಟಾದ ಮೇಲೆ ನಮ್ಮ ಬಂಡಿ ಆ ಬಂಡೆಯನ್ನು ಮತ್ತೆ ಏರಿತು. ಆದರೆ ಈ ಲೆಕ್ಕದ ನಿಜವಾದ ಬೆಲೆ ಆಟಿಕೆಯಲ್ಲಿಲ್ಲ. ವಿಲಿಸ್ ಜೀಪಿನಲ್ಲಿ ಎಡಬಲ ಚಕ್ರಗಳ ಅಂತರದ ಅರ್ಧ ಸುಮಾರು 61 ಸೆಂಟಿಮೀಟರು. ಅದರ ಗುರುತ್ವಕೇಂದ್ರ 65 ಸೆಂಟಿಮೀಟರು ಎತ್ತರದಲ್ಲಿದೆ ಎಂದಿಟ್ಟುಕೊಂಡರೆ ಅದು 43 ಡಿಗ್ರಿಯವರೆಗೆ ವಾಲಬಹುದು. ಮೇಲೆ ಮೂಟೆಗಳನ್ನೇರಿಸಿ, ಅವುಗಳ ಮೇಲೆ ಆಳುಗಳನ್ನು ಕೂರಿಸಿ ಆ ಎತ್ತರವನ್ನು 90ಕ್ಕೆ ಒಯ್ದರೆ ಕೋನ 34ಕ್ಕಿಳಿಯುತ್ತದೆ. ಇದು ಬಂಡಿ ನಿಂತಿರುವಾಗಿನ ಮಾತು. ಚಲಿಸುತ್ತಿರುವಾಗ, ತಿರುವಿನಲ್ಲಿ, ಸ್ಪ್ರಿಂಗುಗಳು ಒಂದು ಕಡೆಗೆ ಕುಸಿದಾಗ ಅದು ಇನ್ನೂ ಬೇಗ ಉರುಳುತ್ತದೆ. ಆಟದ ಬಂಡಿ ಬಿದ್ದರೆ ಎತ್ತಿ ನಿಲ್ಲಿಸಬಹುದು. ಜೀಪು ಉರುಳಿದರೆ ಮೂಟೆಯ ಮೇಲೆ ಕುಳಿತವರ ಗತಿಯೇನು? ಭಾರವನ್ನು ತಳದಲ್ಲಿಡಿ, ಜನರನ್ನು ಅದರ ಮೇಲೆ ಕೂರಿಸಬೇಡಿ ಎಂಬುದು ಕೇವಲ ಹಿರಿಯರ ಎಚ್ಚರಿಕೆಯ ಮಾತಲ್ಲ, ಗಣಿತದ ಮಾತು.

ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಯಾವುದಾದರೊಂದು ಆಟದ ಬಂಡಿಯನ್ನು ಹಲಗೆಯ ಮೇಲೆ ಅಡ್ಡಲಾಗಿ ನಿಲ್ಲಿಸಿ, ಜಾರದಂತೆ ಕೆಳಬದಿಯ ಚಕ್ರಗಳಿಗೆ ತೆಳುವಾದ ಪಟ್ಟಿಯೊಂದನ್ನು ತಡೆಯಾಗಿಟ್ಟು, ಹಲಗೆಯ ಒಂದು ಅಂಚನ್ನು ಮೆಲ್ಲಗೆ ಎತ್ತಿರಿ. ಬಂಡಿ ಉರುಳುವ ಕ್ಷಣದ ಕೋನವನ್ನು ಕೋನಮಾಪಕದಿಂದ ಅಳೆಯಿರಿ. ಚಕ್ರಗಳ ನಡುವಣ ಅಂತರದ ಅರ್ಧವನ್ನು ಆ ಕೋನದ ಟ್ಯಾಂಜೆಂಟಿನಿಂದ ಭಾಗಿಸಿದರೆ ಗುರುತ್ವಕೇಂದ್ರದ ಎತ್ತರ ದೊರೆಯುತ್ತದೆ. ಅನಂತರ ಬಂಡಿಯ ನೆತ್ತಿಗೆ ಒಂದು ರೂಪಾಯಿಯ ಕೆಲವು ನಾಣ್ಯಗಳನ್ನು ಅಂಟಿಸಿ ಮತ್ತೊಮ್ಮೆ ಅಳೆಯಿರಿ. ಕೋನ ಎಷ್ಟು ತಗ್ಗಿತೆಂಬುದನ್ನು ಕಣ್ಣಾರೆ ಕಂಡವರು, ಮುಂದೆ ಘಟ್ಟದ ದಾರಿಯಲ್ಲಿ ಮೂಟೆಗಳ ಮೇಲೆ ಹತ್ತಿ ಕೂರುವ ಮುನ್ನ ಒಂದು ಕ್ಷಣ ಯೋಚಿಸಿಯಾರು.