ಎಸ್‌ಡಿಎಂಸಿ ಅಂದರೆ ಬರೀ ರುಜು ಹಾಕೋ ಸಮಿತಿಯೇ?

ಸರಕಾರಿ ಶಾಲೆ ಯಾರದು ಸ್ವಾಮಿ? ಕೇಳಿದರೆ ಬಹಳ ಮಂದಿ ‘ಸರಕಾರದ್ದು’ ಅಂತಾರೆ. ಕಾಯಿದೆ ಮಾತ್ರ ಹಾಗೆ ಕೈತೊಳೆದುಕೊಳ್ಳಲು ಬಿಡೋದಿಲ್ಲ.

ನಮ್ಮ ರಾಜ್ಯದಲ್ಲಿ 2001ರಲ್ಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು, ಹುಟ್ಟಿದವು. ಅಧ್ಯಕ್ಷಗಿರಿ ಪೋಷಕರದು, ಹೆಡ್‌ಮೇಷ್ಟ್ರು ಕಾರ್ಯದರ್ಶಿ. 2009ರ ಶಿಕ್ಷಣ ಹಕ್ಕು ಕಾಯಿದೆ ಪಟ್ಟು ಇನ್ನೂ ಬಿಗಿ ಮಾಡಿತು. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಲೇಬೇಕು.

ಪಠ್ಯಪುಸ್ತಕ ಬೆಂಗಳೂರಿನಿಂದ ಬರುತ್ತೆ, ಹೆಡ್‌ಮೇಷ್ಟ್ರನ್ನು ಇಲಾಖೆ ಕಳಿಸುತ್ತೆ, ನಮ್ಮ ಕೈಲೇನಿದೆ ಅನ್ನಬಹುದು. ಅಮೆರಿಕದ ಷಿಕಾಗೋದಲ್ಲಿ 1988ರ ಕಾನೂನಿನಂತೆ ಪೋಷಕರು, ಮೇಷ್ಟ್ರುಗಳು, ನೆರೆಹೊರೆಯವರು ಸೇರಿದ ಮಂಡಳಿಯೇ ಹೆಚ್ಚಿನ ಸರಕಾರಿ ಶಾಲೆಗಳಲ್ಲಿ ಹೆಡ್‌ಮೇಷ್ಟ್ರನ್ನು 4 ವರ್ಷಕ್ಕೆ ಆರಿಸುತ್ತೆ. ಅಷ್ಟು ಅಧಿಕಾರ ನಮಗಿಲ್ಲ, ನಿಜ. ಆದರೆ ಶಾಲೆಯ ಅಭಿವೃದ್ಧಿ ಯೋಜನೆ ಬರೆಯೋದು ನಮ್ಮ ಸಮಿತಿಯೇ. ಅನುದಾನಕ್ಕೆ ಆ ಯೋಜನೆಯೇ ಆಧಾರ. ಹಣ ಹೇಗೆ ಖರ್ಚಾಯ್ತು ಅಂತ ನೋಡೋದೂ ಸಮಿತಿಯೇ. ಮಗುವಿನ ಹಾಜರಿ, ಕಲಿಕೆ ಹೇಗಿದೆ ಅಂತ ಮೇಷ್ಟ್ರು ಪೋಷಕರನ್ನು ಕರೆಸಿ ಹೇಳಬೇಕೆಂದೂ ಕಾಯಿದೆಯಲ್ಲಿದೆ.

ಮೂರನೇ ಕ್ಲಾಸಿನ ಹುಡುಗನಿಗೆ ಕೂಡೋದು ಕಳೆಯೋದು ಬಾರದಿದ್ದರೆ, ಕೋಣೆ ಸಾಲದಿದ್ದರೆ, ಅದು ಆ ಯೋಜನೆಯಲ್ಲಿ ಕಾಣಬೇಕು. ಸದಸ್ಯರೇ ಸಭೆಗೆ ಹೋಗದೆ, ಮನೆಗೆ ಬಂದ ನಡಾವಳಿ ಪುಸ್ತಕಕ್ಕೆ ರುಜು ಹಾಕಿ ಕಳಿಸಿದರೆ ಕೇಳೋರು ಯಾರು?

ಅಂಗಡಿ ಬಾಗಿಲು ಒಂದು ಗಂಟೆ ತಡವಾಗಿ ತೆಗೆದರೆ ವ್ಯಾಪಾರ ಮುಳುಗೋದಿಲ್ಲ. ಮಗುವಿನ ಒಂದು ವರ್ಷ ಹೋದರೆ ಮಾತ್ರ ಮತ್ತೆ ಬರೋದಿಲ್ಲ.