ಏರುಮಡಿಗೆ ಯಾವ ಮಣ್ಣು ಒಳ್ಳೆಯದು?

ಗೆಳೆಯರೇ, ನೆಲಮಟ್ಟದ ಪಾತಿಯಲ್ಲಿ ಮಳೆನೀರು ನಿಂತರೆ ಗಿಡದ ಬೇರು ಕೊಳೆಯುತ್ತದೆ. ಅದಕ್ಕಾಗಿ ಮಣ್ಣನ್ನು 1 ಅಡಿ ಎತ್ತರಿಸಿ ಮಾಡುವ ಪಾತಿಯೇ ಏರುಮಡಿ. ಅಗಲ 3 ಅಡಿ ಸಾಕು. ಎರಡು ಕಡೆಯಿಂದಲೂ ಕೈ ಎಟುಕುತ್ತೆ, ಮಡಿ ತುಳಿಯಬೇಕಾಗಿಲ್ಲ. ನಮ್ಮ ಶಾಲೆಯ ಅಡುಗೆಮನೆ ಹಿಂದೆ ಹೀಗೆ ಮಡಿ ಮಾಡೋಣ ಅಂತ ಮೇಷ್ಟ್ರು ಹೇಳಿದ್ದಾರೆ. ಅಲ್ಲಿ ಬೆಳೆದ ಸೊಪ್ಪು, ಟೊಮೇಟೊ, ಬದನೆ ನಮ್ಮ ಬಿಸಿಯೂಟದ ಸಾರಿಗೇ ಬರುತ್ತೆ. ಆದ್ದರಿಂದ ಮಣ್ಣನ್ನು ನೋಡಿ ಆರಿಸಬೇಕು.

ಸಂತೆಮರಹಳ್ಳಿ ಸುತ್ತಮುತ್ತ ಕೆಂಪು ಮಣ್ಣೂ ಇದೆ, ಕಪ್ಪು ಎರೆಮಣ್ಣೂ ಇದೆ. ಎರೆಮಣ್ಣಿಗೆ ಸತ್ವ ಜಾಸ್ತಿ, ಅದನ್ನೇ ತುಂಬಿಬಿಡೋಣ ಅಂತ ಕೆಲವರು ಹೇಳುತ್ತಾರೆ. ಆದರೆ ಅದರಲ್ಲಿ ಜೇಡಿ ಹೆಚ್ಚು. ನೆನೆದರೆ ಉಬ್ಬುತ್ತೆ, ಒಣಗಿದರೆ ಬಿರುಕು ಬಿಡುತ್ತೆ. ಬಿರುಕಿನಲ್ಲಿ ಎಳೇ ಬೇರು ಕಿತ್ತುಹೋಗುತ್ತೆ. ಕೆಂಪು ಮಣ್ಣಿನಲ್ಲಿ ಗಾಳಿ ಚೆನ್ನಾಗಿ ಆಡುತ್ತೆ, ಆದರೆ ನೀರು ಬೇಗ ಇಳಿದುಹೋಗುತ್ತೆ. ಏರುಮಡಿ ನೆಲಕ್ಕಿಂತ ಬೇಗ ಒಣಗುವುದರಿಂದ ಬರೀ ಕೆಂಪು ಮಣ್ಣೂ ಸಾಲದು. ಎರಡನ್ನೂ ಬೆರೆಸಬೇಕು.

ಮಣ್ಣನ್ನು ಪರೀಕ್ಷಿಸುವ ವಿಧಾನ:

1. ಒದ್ದೆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡಿ. ಉಂಡೆಯೇ ಆಗದಿದ್ದರೆ ಮರಳು ಜಾಸ್ತಿ. ಬೆರಳಲ್ಲಿ ಒತ್ತಿದರೂ ಒಡೆಯದೆ ಅಂಟ್ಕೊಂಡ್ರೆ ಜೇಡಿ ಜಾಸ್ತಿ. ಉಂಡೆಯಾಗಿ, ಒತ್ತಿದಾಗ ಪುಡಿಯಾದರೆ ಒಳ್ಳೇ ಮಣ್ಣು.

2. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ ಕುಲುಕಿ, ಒಂದು ದಿನ ಅಲ್ಲಾಡಿಸದೆ ಇಡಿ. ಮೊದಲು ಮರಳು ತಳಕ್ಕೆ ಕೂರುತ್ತೆ, ಅದರ ಮೇಲೆ ಗೋಡು, ಕೊನೆಗೆ ಜೇಡಿ. ಕಸಕಡ್ಡಿ ತೇಲುತ್ತೆ. ಯಾವುದು ಎಷ್ಟಿದೆ ಅಂತ ಕಣ್ಣಲ್ಲೇ ನೋಡಬಹುದು.

3. ಒಣಗಿದಾಗ ಮೇಲೆ ಬಿಳಿ ಪುಡಿ ಕಾಣುವ ಕರಲು ಮಣ್ಣು ಬೇಡ. ಅದರ ಉಪ್ಪಿನಿಂದ ಬೇರಿಗೆ ನೀರು ಹೀರಲು ಕಷ್ಟ. ಕೆಡವಿದ ಮನೆಯ ಮಣ್ಣೂ ಬೇಡ. ಅದರಲ್ಲಿ ಸುಣ್ಣ, ಸಿಮೆಂಟು, ಗಾಜಿನ ಚೂರು ಇರುತ್ತೆ.

ಬೆರೆಸುವ ಲೆಕ್ಕ ಸುಲಭ. ಎರಡು ಮಂಕರಿ ಕೆಂಪು ಮಣ್ಣಿಗೆ ಒಂದು ಮಂಕರಿ ಎರೆಮಣ್ಣು, ಒಂದು ಮಂಕರಿ ಗೊಬ್ಬರ. 10 ಅಡಿ ಉದ್ದ, 3 ಅಡಿ ಅಗಲ, 1 ಅಡಿ ಎತ್ತರದ ಮಡಿಗೆ ಒಟ್ಟು 30 ಘನ ಅಡಿ ಬೇಕು. ಅದರಲ್ಲಿ ಕೆಂಪು ಮಣ್ಣು 15, ಉಳಿದವು ಏಳೂವರೆ ಏಳೂವರೆ. ನಮ್ಮೂರ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ಹುಳದ ಹಿಕ್ಕೆ, ತಿಂದುಳಿದ ಸೊಪ್ಪು ಸಿಗುತ್ತೆ. ಅದನ್ನು ಸೆಗಣಿ ಜೊತೆ ಗುಂಡಿಯಲ್ಲಿ ಪೂರ್ತಿ ಕೊಳೆಸಿದರೆ ಒಳ್ಳೇ ಗೊಬ್ಬರ. ಹಸಿಯಾಗಿ ಹಾಕಿದರೆ ಕೊಳೆಯುವಾಗ ಕಾವು ಎದ್ದು ಸಸಿ ಸುಟ್ಟುಹೋಗುತ್ತೆ.

ಗೊಬ್ಬರ ಕರಗಿದಂತೆ ಮಡಿ ತಗ್ಗುತ್ತೆ. ಪ್ರತಿ ವರ್ಷ ಮತ್ತೆ ಗೊಬ್ಬರ ಸೇರಿಸಬೇಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಮ್ಮ ಕಡೆ ಜೋರು ಮಳೆ. ಅದಕ್ಕೆ ಮುಂಚೆಯೇ ಮಡಿ ಸಿದ್ಧವಾಗಬೇಕು. ಪ್ರತಿಯೊಬ್ಬರೂ ಮನೆ ಹತ್ತಿರದ ಒಂದು ಹಿಡಿ ಮಣ್ಣು ತನ್ನಿ, ತರಗತಿಯಲ್ಲೇ ಬಾಟಲಿ ಪರೀಕ್ಷೆ ಮಾಡಿ, ಆಮೇಲೆ ಮಣ್ಣು ಹೊರೋಣ. ಕೈ ಕೆಸರಾದರೆ ಬಾಯಿ ಮೊಸರು!

— 7ನೇ ತರಗತಿ ವಿದ್ಯಾರ್ಥಿ